ಬಿಳಿಗಲ್ಲು ಹಾಸದ ಗೋರಿ

"ಅಮ್ಮಾ, ಫಿಲೆಮೋನಿ ಅಜ್ಜಂಗೆ ಲಿತಿಯಾ ಅಜ್ಜಿ ಮೇಲೆ ಕೋಪಾನಾ?"

ತೆಂಗಿನಕಾಯಿ ತುರಿಯುತ್ತಿದ್ದ ಲೋಸೆ ತಲೆ ಎತ್ತಿದಳು. ಮಗಳು ಮೆಲೆ ಬಾಗಿಲ ಬಳಿ ಚಾಪೆಯ ಅಂಚು ಮಡಚಿ, ನೆಲದ ಬಿಳಿಗಲ್ಲುಗಳನ್ನು ಹೆಕ್ಕಿ ಸಾಲು ಜೋಡಿಸುತ್ತ ಕೂತಿದ್ದಳು.

"ಯಾಕೇ ಹಾಗೆ ಕೇಳ್ತೀಯ?"

"ಮತ್ತೆ ಎಲ್ಲರ ಗೋರಿ ಮೇಲೂ ಕಲ್ಲಿದೆ. ಅಜ್ಜೀದು ಮಾತ್ರ ಬರೀ ಮರಳು. ನಾಯಿ ಬಂದು ಮಲಗುತ್ತೆ."

ಲೋಸೆ ಹೊರಗೆ ಕಣ್ಣು ಹಾಯಿಸಿದಳು. ಅವಳ ಬಾಗಿಲಿಂದ ನೋಡಿದರೆ ಪಕ್ಕದಲ್ಲಿ ಫಿಲೆಮೋನಿಯ ಮನೆ, ಅದರ ಹಿಂದೆ ಊರ ಗೋರಿಗಳು, ಅದರಾಚೆ ಹವಳದ ಹರಳು ಗುಡ್ಡೆಗಟ್ಟಿದ ದಂಡೆ, ದಂಡೆಯಾಚೆ ಹೊರಗಡಲು. ಗೋರಿಗಳೆಲ್ಲ ಬಿಳಿ ಹರಳು ಹೊದ್ದು ಬಿಸಿಲಿಗೆ ಕಣ್ಣು ಕುಕ್ಕುತ್ತಿದ್ದವು. ನಡುವೆ ಲಿತಿಯಾಳದೊಂದೇ ಬೂದುಬಣ್ಣದ ದಿಬ್ಬ.

ಸತ್ತವರಿಗೆ ವರ್ಷ ತುಂಬುವುದರೊಳಗೆ ಮನೆಯವರು ದಂಡೆಯಿಂದ ಕಲ್ಲು ಆರಿಸಿ, ಮಳೆನೀರಿನಲ್ಲಿ ತೊಳೆದು, ಬುಟ್ಟಿ ಹೊತ್ತು ತಂದು ಹಾಸಬೇಕು. ಕುಡಿಯುವ ನೀರಿಗೆ ತತ್ವಾರವಿದ್ದಾಗಲೂ ಈ ಕಲ್ಲು ತೊಳೆಯುವ ನೀರಿಗೆ ಯಾರೂ ಕೈ ಬಿಗಿ ಹಿಡಿದವರಲ್ಲ. ಲಿತಿಯಾ ಹೋಗಿ ವರ್ಷವಾಗಲು ಇನ್ನು ಒಂದು ದಿನವಷ್ಟೇ ಉಳಿದಿತ್ತು.

"ಕೋಪ ಅಲ್ಲ ಪುಟ್ಟಾ," ಎಂದಳು ಲೋಸೆ. "ಅದು ದೊಡ್ಡ ಕಥೆ. ಮೊದಲು ಆ ಕಲ್ಲೆಲ್ಲ ಇದ್ದ ಜಾಗಕ್ಕೆ ಹಾಕು. ರಾತ್ರಿ ಮಲಗಿದಾಗ ನಿನ್ನ ಬೆನ್ನಿಗೇ ಚುಚ್ಚೋದು."

ಕಥೆ ನಿಜಕ್ಕೂ ದೊಡ್ಡದೇ. ಲೋಸೆಯ ಮಟ್ಟಿಗೆ ಅದು ಇದೇ ಮೆಲೆ ಹುಟ್ಟಿದ ವರ್ಷ ಶುರುವಾಗಿತ್ತು.

ಹೆರಿಗೆಗೆಂದು ಲೋಸೆ ರಾಜಧಾನಿ ಫುನಫುಟಿಗೆ ಹೋಗಿದ್ದಳು. ಗಂಡ ಯಾವುದೋ ದೇಶದ ಸರಕು ಹಡಗಿನಲ್ಲಿ ಎಲ್ಲೋ ಇದ್ದ. ಎಳೆಗೂಸನ್ನು ಎದೆಗವಚಿಕೊಂಡು ಹಡಗಿನಲ್ಲಿ ವಾಪಸು ಬಂದಾಗ ಕಡಲು ಕೆಟ್ಟಿತ್ತು. ಈ ದ್ವೀಪಕ್ಕೆ ಬಂದರಿಲ್ಲ. ಹಡಗು ಆಳದಲ್ಲೇ ನಿಲ್ಲುತ್ತದೆ. ಜನರನ್ನು ದೋಣಿಗಿಳಿಸಿ, ಹವಳದ ದಿಬ್ಬದಲ್ಲಿ ಸೀಳಿರುವ ಒಂದು ಕಿರುದಾರಿಯಿಂದ ಒಳಗೆ ತರಬೇಕು. ದಾರಿಯ ಎರಡೂ ಬದಿಗೆ ಅಲೆ ಬಂದು ಬಡಿದು ಹಾಲಿನಂತೆ ಉಕ್ಕುತ್ತದೆ. ಆ ದೋಣಿ ನಡೆಸುವವನು ಫಿಲೆಮೋನಿ. ಮೂವತ್ತು ವರ್ಷ ಅದೇ ಕೆಲಸ.

ಅಂದು ಅವನು ದೋಣಿಯನ್ನು ದಾರಿಯ ಬಾಯಿಗೆ ತಂದು ನಿಲ್ಲಿಸಿಬಿಟ್ಟ. ದಡಕ್ಕೆ ಬೆನ್ನು, ಕಡಲಿಗೆ ಮುಖ. ಅಲೆ ಬಂತು, ಬಿಟ್ಟ. ಇನ್ನೊಂದು ಬಂತು, ಅದನ್ನೂ ಬಿಟ್ಟ. ದೋಣಿಯಲ್ಲಿದ್ದ ಪಾದ್ರಿಗಳು ಪ್ರಾರ್ಥನೆ ಮುಗಿಸಿ ಮತ್ತೆ ಮೊದಲಿಂದ ಶುರುಮಾಡಿದರು. ಒಬ್ಬ ಮುದುಕಿ ಬೈದಳು: "ಏನೋ ಫಿಲೆಮೋನಿ, ಇಲ್ಲೇ ಮನೆ ಕಟ್ತೀಯೇನೋ?" ಅವನ ಕಣ್ಣು ಕಡಲ ಮೇಲೇ ಇತ್ತು. ಕೊನೆಗೆ ಎಲ್ಲ ಅಲೆಗಳಂತೆಯೇ ಕಂಡ ಒಂದು ಅಲೆಯನ್ನು ನೋಡಿ "ಈಗ" ಎಂದ. ಅಷ್ಟೇ. ಅಲೆಯ ಬೆನ್ನೇರಿದ ದೋಣಿ ಮಗುವಿನ ಬಟ್ಟೆಗೂ ಹನಿ ತಾಗದಂತೆ ಒಳಗೆ ಬಂದು ನಿಂತಿತು. ನೀರಿಗೆ ಹಾರಿ ಲೋಸೆಯ ಕೈಯಿಂದ ಕೂಸನ್ನು ಎತ್ತಿಕೊಂಡವಳು ಅವನ ಹೆಂಡತಿ ಲಿತಿಯಾ. "ಅಯ್ಯೋ, ನಿದ್ದೆಯಿಂದ ಎದ್ದೇ ಇಲ್ಲವಲ್ಲೇ ಇದು!" ಎಂದು ನಕ್ಕಿದ್ದಳು.

ಅಂಥವನನ್ನು ಊರು ಎಂಪಿ ಮಾಡಿದ್ದು ತಮಾಷೆಗೆ ಶುರುವಾಗಿ ನಿಜವಾದ ಸಂಗತಿ. ಓದಿದ ಇಬ್ಬರು ಹಟಕ್ಕೆ ಬಿದ್ದು ನಿಂತಿದ್ದರು. ಯಾರಿಗೆ ಹಾಕಿದರೂ ಇನ್ನೊಬ್ಬರ ಮನೆಯವರ ಮುಖ ನೋಡುವ ಹಾಗಿಲ್ಲ. ಆಗ ಯಾರೋ ಅಂದರು, "ನಮ್ಮೆಲ್ಲರನ್ನೂ ಒಂದಲ್ಲ ಒಂದು ಸಲ ಜೀವಂತ ದಡಕ್ಕೆ ತಂದಿರೋನು ಫಿಲೆಮೋನಿ ಒಬ್ಬನೇ." ಗೆದ್ದ ದಿನ ಲಿತಿಯಾ ಬಾವಿಕಟ್ಟೆಯಲ್ಲಿ ಹೇಳುತ್ತಿದ್ದಳು: "ಮನೇಲಿ ಊಟ ಬೇಕೋ ಬೇಡವೋ ಅಂತ ಕೇಳಿದ್ರೂ ಅರ್ಧ ದಿನ ಬೇಕು ಈ ಮನುಷ್ಯನ ಉತ್ತರಕ್ಕೆ. ಇವನು ಸಂಸತ್ತಲ್ಲಿ ಮಾತಾಡ್ತಾನಂತೆ!"

ಮಾತಾಡಲೂ ಇಲ್ಲ. ಇಡೀ ದೇಶಕ್ಕೆ ಎಂಪಿಗಳೇ ಹದಿನಾರು ಮಂದಿ. ಅಧಿವೇಶನ ನಡೆಯುವಾಗ ರೇಡಿಯೋದಲ್ಲಿ ಎಲ್ಲರ ದನಿಯೂ ಮನೆಮನೆಗೆ ಕೇಳುತ್ತದೆ, ಕೆಮ್ಮಿದರೂ ಕೇಳುತ್ತದೆ. ಫಿಲೆಮೋನಿಯದು ಮಾತ್ರ ಕೆಮ್ಮೂ ಇಲ್ಲ. "ನಮ್ಮ ಎಂಪಿ ದೊರೆಗಳು ನಿದ್ದೆ ಮಾಡ್ತಿರಬೇಕು," ಎಂದು ಊರಿನವರು ನಗುತ್ತಿದ್ದರು.

ಆಮೇಲೆ ಆ ಫೆಬ್ರವರಿ ಬಂತು.

ಫೆಬ್ರವರಿಯಲ್ಲಿ ದೊಡ್ಡ ಉಬ್ಬರ ಬರುವುದು ಹೊಸದಲ್ಲ. ಗಾಳಿಯಿಲ್ಲ, ಮಳೆಯಿಲ್ಲ, ಆಕಾಶ ತೊಳೆದಿಟ್ಟ ಹಾಗೆ. ಸುಮ್ಮನೆ ನೀರು ಏರುತ್ತದೆ. ಈ ಸಲ ಅದು ನೆಲದೊಳಗಿಂದಲೇ ಗುಳುಗುಳು ಎದ್ದು ಬಂತು. ಪುಲಾಕಾ ಗೆಡ್ಡೆ ಬೆಳೆಯುವ ಹೊಂಡಗಳಲ್ಲಿ ಉಪ್ಪುನೀರು ನಿಂತಿತು. ಲೋಸೆ ಮಗುವನ್ನು ಬೆನ್ನಿಗೆ ಕಟ್ಟಿ, ಅಕ್ಕಿ ಮೂಟೆಯನ್ನು ಅಟ್ಟಕ್ಕೇರಿಸಿ, ಕೋಳಿಗಳನ್ನು ಬುಟ್ಟಿಗೆ ತುಂಬಿ ಹೊರಗೆ ಬಂದಾಗ ಹೊರಗಡಲ ಕಡೆ ಜನ ಸಾಲಾಗಿ ನಿಂತಿದ್ದರು. ಯಾರೂ ಕೂಗುತ್ತಿರಲಿಲ್ಲ.

ಹರಳಿನ ದಂಡೆಯನ್ನು ಕಟ್ಟಿದ್ದೂ ಕಡಲೇ. ಅಜ್ಜಿಯರ ಕಾಲದ ಚಂಡಮಾರುತವೊಂದು ಒಂದೇ ರಾತ್ರಿಯಲ್ಲಿ ಆಳುದ್ದ ಎತ್ತರಕ್ಕೆ ತಂದು ಸುರಿದಿತ್ತಂತೆ. ಅಂದಿನಿಂದ ಅದು ಊರಿಗೆ ಗೋಡೆಯೂ ಆಯಿತು, ಕಲ್ಲಿನ ಕಣಜವೂ ಆಯಿತು. ಅತ್ಯಂತ ಬಿಳಿಯ, ಉರುಟಾದ ಕಲ್ಲು ಸಿಗುವುದು ಗೋರಿಗಳ ನೇರಕ್ಕೆ. ಹೊತ್ತು ತರಲೂ ಹತ್ತಿರ. ಹಾಗಾಗಿ ಎಲ್ಲ ಮನೆಯ ಹೆಂಗಸರೂ ಅಲ್ಲಿಂದಲೇ ತುಂಬುತ್ತಿದ್ದರು. ಬುಟ್ಟಿ ಬುಟ್ಟಿಯಾಗಿ ತೆಗೆದು ದಂಡೆಯಲ್ಲಿ ಅಲ್ಲೊಂದು ಹಲ್ಲು ಬಿದ್ದಂಥ ಕಿಂಡಿಯಾಗಿತ್ತು. ದಿನಾ ನೋಡುವ ಕಣ್ಣಿಗೆ ಅದು ದಾರಿಯಾಗಿ ಕಂಡಿತ್ತೇ ಹೊರತು ಬಿರುಕಾಗಿ ಕಂಡಿರಲಿಲ್ಲ.

ನೀರು ಅಲ್ಲಿಂದ ಬಂತು. ಮುಗ್ಗರಿಸದೆ, ಮನೆಯವರ ಹಾಗೆ ಒಳಗೆ ಬಂತು. ಮೊದಲು ಮುಟ್ಟಿದ್ದು ಗೋರಿಗಳನ್ನು. ಯಾರ ಯಾರದೋ ತಾಯಿ, ಯಾರದೋ ಹಸುಗೂಸು ಮಲಗಿದ್ದ ಬಿಳಿಗಲ್ಲುಗಳ ಮೇಲೆ ಕಡಲು ಮೆಲ್ಲಗೆ ಹರಡಿಕೊಂಡಿತು. ಪಕ್ಕದಲ್ಲಿ ನಿಂತಿದ್ದ ಲಿತಿಯಾ ಬಾಯಿಗೆ ಬಟ್ಟೆಯಂಚು ಒತ್ತಿಕೊಂಡಿದ್ದಳು. "ಅವರಿಗೇ ಅಂತ ಕಲ್ಲು ತಂದ್ವಿ," ಎಂದಳು. "ಅವರ ಮನೆಗೇ ಬಾಗಿಲು ತೆಗೆದುಕೊಟ್ವಲ್ಲೇ, ಲೋಸೆ."

ಫಿಲೆಮೋನಿ ಆ ಕಿಂಡಿಯೆದುರು ಮೊಣಕಾಲುದ್ದ ನೀರಿನಲ್ಲಿ ಊರಿಗೆ ಬೆನ್ನು ಮಾಡಿ ನಿಂತಿದ್ದ. ದೋಣಿಯಲ್ಲಿ ನಿಲ್ಲುತ್ತಿದ್ದ ಹಾಗೇ.

ಅದೇ ವರ್ಷ ಲಿತಿಯಾಗೆ ಕಾಯಿಲೆ ಬಂತು. ರಾಜಧಾನಿಗೆ ಒಯ್ಯಲು ಹಡಗು ಬರುವ ಮೊದಲೇ ಎಲ್ಲ ಮುಗಿದೂಹೋಯಿತು. ಫಿಲೆಮೋನಿ ಅವಳನ್ನು ಮಣ್ಣು ಮಾಡಿ, ಮುಂದಿನ ಹಡಗಿಗೇ ಫುನಫುಟಿಗೆ ಹೋದ.

ಅಲ್ಲಿ ನಡೆದದ್ದನ್ನು ಹಡಗಿನವರು ಬಂದು ಹೇಳಿದರು. ಸರ್ಕಾರ ಅಲುಗಾಡುತ್ತಿತ್ತು. ಹದಿನಾರು ಜನರ ಸದನದಲ್ಲಿ ಒಬ್ಬ ಈ ಕಡೆಯಿಂದ ಆ ಕಡೆಗೆ ಸರಿದರೆ ಸಾಕು, ಮಂತ್ರಿಗಳೆಲ್ಲ ಮಾಜಿಗಳಾಗುತ್ತಾರೆ. ಎರಡೂ ಕಡೆಯವರ ಕಣ್ಣು ಫಿಲೆಮೋನಿಯ ಮೇಲೆ ಬಿತ್ತು. ಒಂದು ಕಡೆಯವರು ಬಂದು ಮಂತ್ರಿ ಪದವಿ ಅಂದರು. ಇನ್ನೊಂದು ಕಡೆಯವರು ಬಂದು ಅದಕ್ಕಿಂತ ದೊಡ್ಡ ಮಂತ್ರಿ ಪದವಿ ಅಂದರು. ಫಿಲೆಮೋನಿ ಇಬ್ಬರಿಗೂ ಎಳನೀರು ಕೊಟ್ಟು ಕೂರಿಸಿದನಂತೆ. ಇಬ್ಬರಿಗೂ ಒಂದೇ ಮಾತು: "ದಂಡೆ ಕಾಯೋ ಕಾನೂನು ಯಾರು ಮೊದಲು ಮೇಜಿನ ಮೇಲಿಡ್ತೀರೋ, ನನ್ನ ಕೈ ಅವರಿಗೆ. ಮಂತ್ರಿ ಬೇರೆ ಯಾರನ್ನಾದ್ರೂ ಮಾಡ್ಕೊಳಿ, ನನಗೆ ಕೋಟು ಸೆಕೆ."

ಮಸೂದೆಯನ್ನು ಮೊದಲ ಸಲ ಓದಿದ ದಿನ ಲೋಸೆ ಕೇದಗೆ ಓಲೆಯ ಚಾಪೆ ಹೆಣೆಯುತ್ತಿದ್ದಳು. ಹೊರಗಡಲ ದಂಡೆಯಿಂದ ಕಲ್ಲು, ಮರಳು ತೆಗೆಯಬಾರದು, ದಂಡೆ ಹಿಡಿದು ನಿಂತ ಗಿಡ ಕಡಿಯಬಾರದು, ಒಂಬತ್ತೂ ದ್ವೀಪಗಳಿಗೆ ಅದೇ ನಿಯಮ ಎಂದು ರೇಡಿಯೋದಲ್ಲಿ ಯಾರೋ ಓದಿದರು. ಆಮೇಲೆ ಸಭಾಪತಿ ಫಿಲೆಮೋನಿಯ ಹೆಸರು ಕರೆದರು. ಒಂದಿಷ್ಟು ಹೊತ್ತು ಬರೀ ಗರಗರ ಸದ್ದು. ರೇಡಿಯೋ ಕೆಟ್ಟಿತೆಂದು ಲೋಸೆ ಗಿರಕಿ ತಿರುಗಿಸಲು ಕೈ ಚಾಚಿದಳು. ಅಷ್ಟರಲ್ಲಿ ಫಿಲೆಮೋನಿಯ ದನಿ: "ಕಡಲು ಸತ್ತವರ ಮನೆಗೆ ಬಂದಿತ್ತು. ನಾನು ನೋಡಿದೆ. ಇನ್ನು ಬದುಕಿರೋರ ಮನೆಗೆ ಬರುತ್ತೆ." ಅಷ್ಟು ಹೇಳಿ ಕೂತ.

ಲೋಸೆಯ ಕೈ ಗಿರಕಿಯ ಮೇಲೆಯೇ ನಿಂತುಬಿಟ್ಟಿತು. ಈ ಸಮುದ್ರಕ್ಕೆ ಕೊನೆಯಿಲ್ಲ, ಲೋಕದಲ್ಲಿ ಹೊಗೆಯುಗುಳುವ ಊರುಗಳಿಗೆ ಲೆಕ್ಕವಿಲ್ಲ. ಇದರೆದುರು ಮಾತೇ ಬಾರದ ಪಕ್ಕದ ಮನೆಯ ದೋಣಿಯವನೊಬ್ಬ ಎದ್ದು ನಿಂತು ಎರಡು ಮಾತು ಆಡಿದರೆ, ಅದು ಕಾಗದಕ್ಕೇರಿ ನೀರಿನ ಅಂಚಿಗೆ ಗೆರೆ ಎಳೆಯುತ್ತದೆಯೆ? ಎಳೆಯುತ್ತದೆ ಎಂದು ಅವನು ನಂಬಿದ್ದಾನಲ್ಲ! ಚರ್ಚಿನಲ್ಲಿ ಎಲ್ಲರೂ ಒಟ್ಟಿಗೆ ದನಿ ಎತ್ತಿ ಹಾಡುವಾಗ ಆಗುವಂತೆ ಅವಳ ಮೈ ಜುಮ್ಮೆಂದಿತು. "ಅಜ್ಜ ಪೆಟ್ಟಿಗೆ ಒಳಗೆ ಹ್ಯಾಗೆ ಹೋದ?" ಎಂದು ಮೆಲೆ ಕೇಳುತ್ತಲೇ ಇದ್ದಳು.

ಈ ದೇಶದಲ್ಲಿ ಒಂದು ಕಟ್ಟಳೆಯಿದೆ. ಮೊದಲ ಸಲ ಓದಿದ ಮಸೂದೆಯನ್ನು ಹಾಗೇ ಮುಂದೆ ತಳ್ಳುವಂತಿಲ್ಲ. ಅದು ದ್ವೀಪ ದ್ವೀಪಕ್ಕೂ ಹೋಗಿ, ಅಲ್ಲಿನ ಊರ ಚಾವಡಿಯಲ್ಲಿ ಕೂತು, ಹೌದು ಅನಿಸಿಕೊಂಡೋ ಬೈಸಿಕೊಂಡೋ ವಾಪಸು ಬರಬೇಕು. ಆಮೇಲೆ ಮುಂದಿನ ಅಧಿವೇಶನ. ಫಿಲೆಮೋನಿ ತನ್ನ ದ್ವೀಪಕ್ಕೆ ಅದನ್ನು ತಾನೇ ಹೊತ್ತು ತಂದ.

ಚಾವಡಿಯಲ್ಲಿ ಹಿರಿಯರು ತಮ್ಮ ತಮ್ಮ ಮನೆತನದ ಕಂಬಕ್ಕೆ ಒರಗಿ ಕೂತಿದ್ದರು. ಫಿಲೆಮೋನಿಯ ಮನೆತನಕ್ಕೆ ಕಂಬವಿಲ್ಲ. ಅವನು ನಡುವೆ ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತ. ಊರ ಹಿರಿಯ ಮೌಲಿಯಾ ಕಾಲೆಳೆದ: "ಫುನಫುಟಿಯಲ್ಲಿ ನಿನಗೆ ಕುರ್ಚಿಯಂತೆ. ಇಲ್ಲಿ ನೆಲವೇ ಗತಿ. ಸೊಂಟ ನೋಯೋದಿಲ್ವೇನೋ, ಎಂಪಿ?"

"ಕುರ್ಚಿಯಲ್ಲೇ ನೋಯೋದು, ಅಯ್ಯಾ."

ನಗು ಮುಗಿದ ಮೇಲೆ ಅವನು ಓದಿದ. ಕೊನೆಯಲ್ಲಿ ಒಂದು ಸಾಲಿತ್ತು: ಗೋರಿಗೆ ಹಾಸುವ ಕಲ್ಲಿಗೆ ಈ ನಿಯಮ ಅನ್ವಯಿಸುವುದಿಲ್ಲ. ಹಿರಿಯರು ಸಮಾಧಾನದಿಂದ ತಲೆದೂಗಿದರು. ಆದರೂ ಮೌಲಿಯಾ ಬಿಡಲಿಲ್ಲ. "ಒಂದು ಮಾತು ಹೇಳು. ಹೊಗೆ ಬಿಟ್ಟೋರು ಅವರು. ಕಲ್ಲು ಬಿಡಬೇಕಾದೋರು ನಾವಾ?"

"ಅವರನ್ನು ಕೇಳೋಕೆ ನಮ್ಮ ಮಂತ್ರಿಗಳು ವಿಮಾನ ಹತ್ತಿ ಹೋಗ್ತಾರೆ. ಕೇಳ್ತಾನೇ ಇದ್ದಾರೆ," ಎಂದ ಫಿಲೆಮೋನಿ. "ಅವರ ಮನೇಲಿ ಕಾನೂನು ಮಾಡೋಕೆ ನನ್ನ ಕೈ ಎಟುಕಲ್ಲ ಅಯ್ಯಾ. ಎಟುಕೋದು ಈ ದಂಡೆವರೆಗೆ. ಎಟುಕಿದಷ್ಟನ್ನಾದ್ರೂ ಮಾಡದೆ ಹ್ಯಾಗೆ ಸುಮ್ಮನಿರಲಿ?"

ಆಗ ಹಿಂದಿನ ಸಾಲಿನಿಂದ ಎದ್ದವಳು ಸೆಲೆಪಾ. ಲಿತಿಯಾಳ ತಂಗಿ. ಅವಳ ಬಾಯಿಗೆ ಊರೇ ಹೆದರುತ್ತದೆ.

"ಭಾವಾ, ಆ ಕೊನೇ ಸಾಲು ಇನ್ನೊಂದ್ಸಲ ಓದು."

ಓದಿದ.

"ನಾವು ಹೆಂಗಸರು ಆ ದಂಡೆಯಿಂದ ಕಲ್ಲು ತರೋದು ಯಾತಕ್ಕೆ? ಉಪ್ಪಿನಕಾಯಿ ಹಾಕೋಕಾ? ಗೋರಿಗೇ ತಾನೇ! ಗೋರಿ ಬಿಟ್ಟು ಉಳಿದದ್ದಕ್ಕೆ ಕಾನೂನು ಅಂದ್ರೆ, ಮೀನು ಬಿಟ್ಟು ಉಳಿದದ್ದಕ್ಕೆ ಬಲೆ ಬೀಸಿದ ಹಾಗಾಯ್ತು." ಚಾವಡಿ ಗೊಳ್ಳೆಂದಿತು. ಸೆಲೆಪಾ ನಗಲಿಲ್ಲ. "ಆ ಸಾಲು ಯಾರಿಗೋಸ್ಕರ ಬಂತು ಅಂತ ನಂಗೊತ್ತು ಭಾವಾ. ನನ್ನಕ್ಕ ಅವಳು. ನಿನಗಿಂತ ಮೊದಲಿಂದ ನನ್ನಕ್ಕ. ಬಾಗಿಲು ತೆಗೆದುಕೊಟ್ವಿ ಅಂತ ನೀರಲ್ಲಿ ನಿಂತು ಅತ್ತವಳು ಅವಳೇ. ಅವಳ ಹೆಸರಲ್ಲೇ ಆ ಬಾಗಿಲು ಮತ್ತೆ ತೆಗೀತೀಯಾ?"

ಈಗ ಫಿಲೆಮೋನಿಯ ಸರದಿ. ಚಾವಡಿಯಲ್ಲಿ ಒಬ್ಬರ ಸರದಿ ಮುಗಿಯುವ ತನಕ ಇನ್ನೊಬ್ಬರು ಅಲುಗಾಡಬಾರದು. ಕುಡಿಯಲು ತಂದಿಟ್ಟ ನೀರಾ ಹಾಗೇ ಇತ್ತು, ನೊಣ ಬಂದು ಕೂತವು. ಎಲ್ಲರೂ ಕಾದರು. ಹೆಂಗಸರ ನಡುವೆ ಕೂತ ಲೋಸೆಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಅವಳಿಗೆ ಗೊತ್ತು. ಒಂದು ಅಲೆ ಬಿಟ್ಟ. ಇನ್ನೊಂದು ಬಿಟ್ಟ.

"ತೆಗೆದುಹಾಕಿ ಅಂತ ಈ ಚಾವಡಿಯಿಂದಲೇ ಹೇಳಿಕಳಿಸಿ," ಎಂದ ಕೊನೆಗೆ. "ಸೇರಿಸಿದೋನು ನಾನು. ನಾನೇ ಬೇಡ ಅಂದ್ರೆ ಅದೊಬ್ಬನ ಮಾತು. ನೀವು ಅಂದ್ರೆ ದ್ವೀಪದ ಮಾತು."

ಮೌಲಿಯಾ ಕಂಬ ಬಿಟ್ಟು ಮುಂದಕ್ಕೆ ಬಾಗಿ ಅವನ ಭುಜ ಮುಟ್ಟಿದ. ಅಲ್ಲಿಗೆ ತೀರ್ಮಾನವಾಯಿತು, ಆ ಸಾಲು ಬೇಡ ಎಂದು.

ತೀರ್ಮಾನವಾದ ಮರುದಿನವೇ ಎಡವಟ್ಟು ಶುರುವಾಯಿತು. ಕಾನೂನು ಬರುವ ಮೊದಲೇ ತಂದುಬಿಡೋಣ ಎಂದು ಊರ ಹೆಂಗಸರಲ್ಲಿ ಅರ್ಧ ಜನ ಬುಟ್ಟಿ ಹಿಡಿದು ದಂಡೆಗೆ ಹೊರಟರು. ಮುಂದೆ ಸಾಯುವವರಿಗೂ ಈಗಲೇ ಕೂಡಿಡುವ ಆತುರ. ದಂಡೆಯ ಕಿಂಡಿ ಒಂದು ವಾರದಲ್ಲಿ ಎರಡರಷ್ಟಾಯಿತು. ಲೋಸೆಯೂ ಬುಟ್ಟಿ ತೆಗೆದಿಟ್ಟಿದ್ದಳು. ಅತ್ತೆಗೆ ವಯಸ್ಸಾಗಿದೆ, ನಾಳೆ ಬೇಕಾಗುತ್ತದೆ ಎಂದು ಲೆಕ್ಕ ಹಾಕಿದ್ದಳು.

ಹೊರಟವಳು ಗೋರಿಗಳ ಹತ್ತಿರ ನಿಂತಳು. ಬೂದು ದಿಬ್ಬದ ಪಕ್ಕ ಫಿಲೆಮೋನಿ ಕುಕ್ಕುರುಗಾಲಲ್ಲಿ ಕೂತು ಕಳೆ ಕೀಳುತ್ತಿದ್ದ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬಾಕೆ ಕೂಗಿ ಹೇಳಿದಳು: "ಅಣ್ಣಾ, ಕಾನೂನು ಇನ್ನೂ ಆಗಿಲ್ವಲ್ಲ! ನಾಲ್ಕು ಬುಟ್ಟಿ ನಾವೇ ತಂದು ಹಾಕ್ತೀವಿ. ಯಾರು ಕೇಳ್ತಾರೆ?"

"ಯಾರೂ ಕೇಳಲ್ಲ ತಂಗಿ," ಎಂದ. "ಬೇಡ."

ಬೈಯಲಿಲ್ಲ, ಯಾರ ಬುಟ್ಟಿಯನ್ನೂ ತಡೆಯಲಿಲ್ಲ. ಕಳೆ ಕೀಳುತ್ತಲೇ ಇದ್ದ. ಹಗಲೆಲ್ಲ ಅಲ್ಲೇ ಇದ್ದ. ದಂಡೆಗೆ ಹೋಗುವವರೆಲ್ಲ ಆ ಬೋಳು ದಿಬ್ಬವನ್ನು ದಾಟಿಯೇ ಹೋಗಬೇಕಿತ್ತು. ಕೆಲವರು ಮುಖ ತಿರುಗಿಸಿಕೊಂಡು ಹೋದರು. ಕೆಲವರು ಬರೀ ಬುಟ್ಟಿಯಲ್ಲಿ ಹಿಂದಿರುಗಿದರು. ಮೂರನೆಯ ದಿನ ಸೆಲೆಪಾ ತುಂಬಿದ ಬುಟ್ಟಿ ಹೊತ್ತು ಎದುರು ದಿಕ್ಕಿನಿಂದ ಬಂದಳು. ತನ್ನ ಮನೆಯಂಗಳದ ಕಲ್ಲನ್ನು ಬಾಚಿ ತಂದಿದ್ದಳು. ಗೋರಿಯತ್ತ ನೋಡದೆ ದಂಡೆಗೆ ಹೋಗಿ ಆ ಕಿಂಡಿಯೊಳಗೆ ಸುರಿದಳು. ಆ ಸಂಜೆ ಲೋಸೆಯ ಬುಟ್ಟಿಯಲ್ಲಿ ಕೋಳಿಗಳು ಮಲಗಿದವು.

ಮೆಲೆ ತನ್ನ ಪ್ರಶ್ನೆ ಕೇಳಿದ್ದು ಇದಾದ ಮೇಲೆ. ಲೋಸೆ ಕಾಯಿತುರಿ ಹಿಂಡಿ ಹಾಲು ತೆಗೆಯುವಷ್ಟರಲ್ಲಿ ಫಿಲೆಮೋನಿಯೇ ಬಾಗಿಲಲ್ಲಿ ಕಾಣಿಸಿಕೊಂಡ. ಕೈಯಲ್ಲಿ ಒಂದು ಖಾಲಿ ಬುಟ್ಟಿ. ಬೆಳ್ಳಗಾದ ಗಡ್ಡ, ಕರಗಿದ ಭುಜ. ದೋಣಿಯಲ್ಲಿ ನಿಂತಿದ್ದವನು ಇವನೇನಾ ಎನಿಸಿತು.

"ಬಾ ಅಜ್ಜ, ಕೂತ್ಕೋ," ಎಂದು ಲೋಸೆ ನೀರಾ ಬಗ್ಗಿಸಿ ಕೊಟ್ಟಳು.

ಮೆಲೆಗೆ ತಡೆಯಲಾಗಲಿಲ್ಲ. "ಅಜ್ಜಾ, ನಿಂಗೆ ಅಜ್ಜಿ ಮೇಲೆ ಕೋಪಾನಾ?"

"ಮೆಲೆ!" ಲೋಸೆ ಗದರಿದಳು.

ಅವನು ನಕ್ಕ. ಎಷ್ಟೋ ದಿನದ ಮೇಲೆ ಲೋಸೆ ಆ ನಗು ಕಂಡಳು. "ಇಲ್ಲ ಕಂದ. ಅವಳಿಗೇ ನನ್ನ ಮೇಲೆ ಕೋಪ ಇರಬೇಕು. ನಾಳೆಗೆ ವರ್ಷ ತುಂಬುತ್ತೆ. ಹೊದಿಕೆ ಕೊಡಲಿಲ್ಲ ನಾನು."

ಬುಟ್ಟಿಯನ್ನು ಎರಡು ಕೈಯಲ್ಲೂ ತಿರುಗಿಸುತ್ತ ಕೂತ. ಲೋಸೆ ಕಾದಳು. ಅವನ ಮಾತಿಗೆ ಕಾಯುವುದು ಆ ಊರಿನಲ್ಲಿ ಯಾರಿಗೂ ಹೊಸದಲ್ಲ. ಅವನ ಕಣ್ಣು ಮೆಲ್ಲಗೆ ಚಾಪೆಯ ಅಂಚಿನಲ್ಲಿ ಇಣುಕುತ್ತಿದ್ದ ಕಲ್ಲುಗಳ ಮೇಲೆ ಹೋಗಿ ನಿಂತಿತು. ಊರಿನವರೆಲ್ಲ ಸಿಮೆಂಟು ಬಳಿದುಕೊಂಡರೂ ಲೋಸೆ ಮಾತ್ರ ಅಜ್ಜಿಯ ಕಾಲದ ಕಲ್ಲುನೆಲವನ್ನೇ ಇಟ್ಟುಕೊಂಡಿದ್ದಳು. ಕಾಲಿಗೆ ತಂಪು, ಉಬ್ಬರದ ನೀರು ಬಂದರೂ ತಾನೇ ಇಂಗಿಹೋಗುತ್ತದೆ ಎಂದು.

"ಈ ನೆಲಕ್ಕೆ ಕಲ್ಲು ತಂದಾಗ ನಿನ್ನಜ್ಜಿ ಜೊತೆ ಲಿತಿಯಾನೂ ಹೋಗಿದ್ದಳು," ಎಂದ. "ಆಗಿನ್ನೂ ಹುಡುಗಿ ಅವಳು, ನಾನು ಅವಳನ್ನ ನೋಡೇ ಇರಲಿಲ್ಲ. ಯಾವ ಕಾನೂನಿಗೂ ಮುಂಚಿನ ಕಲ್ಲು ಇವು. ದಂಡೆಗೆ ಇದರ ನೆನಪೂ ಇರಲಿಕ್ಕಿಲ್ಲ."

ದೇಶದ ಸರ್ಕಾರವನ್ನೇ ಎದುರು ಕೂರಿಸಿಕೊಂಡು ಕೇಳಿದ್ದನ್ನು ಪಡೆದ ಮನುಷ್ಯ ಅವಳ ಚಾಪೆಯ ಅಂಚಿನಲ್ಲಿ ಬಾಗಿ ಕೂತಿದ್ದ.

"ಒಂದು ಬುಟ್ಟಿ ಕೊಡ್ತೀಯೇನಮ್ಮ, ಲೋಸೆ? ಮಗು ಮಲಗೋ ಕಡೇದು ಬೇಡ. ಈ ಬಾಗಿಲ ಹತ್ರದ್ದೇ ಕೊಡು. ಎಲ್ಲರೂ ತುಳಿದಿದ್ದೇ ಸಾಕು."